ಗುಲ್‌ಮೊಹರ್‌ಗಿಂತ ಕರಿಬೇವು ಮೇಲು

ಮಕ್ಕಳೇ ಮುಂದೆ ನಿಂತು ಶಾಲೆಯ ಆವರಣದಲ್ಲಿ ಹಕ್ಕಿ, ಚಿಟ್ಟೆಗಳಿಗೆ ನೆಲೆ ಒದಗಿಸುವ ಬಗೆಗಿನ ಲೇಖನ ಸಕಾಲಿಕವಾಗಿದೆಯಾದರೂ, ನೆರಳಿಗೆ ಗುಲ್‌ಮೊಹರ್ ನೆಡಿ ಎಂಬ ಸಲಹೆಯನ್ನು ನಾನು ಒಪ್ಪಲಾರೆ. ಗಾಳಿಮಳೆಗೆ ಅದರ ಕೊಂಬೆಗಳು ಸುಲಭವಾಗಿ ಮುರಿದು ಬೀಳುತ್ತವೆ. ನಮ್ಮ ತುಮಕೂರು ಜಿಲ್ಲೆಗೆ ಹೊಂಗೆ, ಹುಣಸೆಗಳೇ ಸಾಕು. ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವುದು ಊರೊಳಗಿನ ಹುಣಸೆಮರಗಳಲ್ಲೇ ಅಲ್ಲವೇ?

ನಾನು ಪಾಠ ಮಾಡುವ ಶಾಲೆಯಲ್ಲಿ ಮಕ್ಕಳು ನೆಟ್ಟ ಕರಿಬೇವಿನ ಗಿಡದಲ್ಲಿ ನಿಂಬೆ ಚಿಟ್ಟೆ ಮೊಟ್ಟೆಯಿಟ್ಟಿತು. ಮೊದಲು ಹಕ್ಕಿಯ ಹಿಕ್ಕೆಯಂತೆ ಕಾಣುತ್ತಿದ್ದ ಮರಿಹುಳು ಬೆಳೆದಂತೆ ಎಲೆಹಸಿರಾಯಿತು. ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಕೋಡಿನಂಥದ್ದನ್ನು ಚಾಚಿ ಘಾಟು ವಾಸನೆ ಬಿಡುತ್ತಿತ್ತು. ಬಿಸಿಯೂಟದ ಒಗ್ಗರಣೆಗೆ ಎಲೆ ಕೀಳಲು ಬಂದ ಅಡುಗೆಯವರಿಗೆ, ಹುಳು ಕೋಶ ಕಟ್ಟಿ, ಅದು ಒಡೆದು ಚಿಟ್ಟೆ ಹೊರಬರುವವರೆಗೂ ಆ ಗಿಡದ ಕಡೆ ಸುಳಿಯಬಾರದೆಂದು ಐದನೇ ತರಗತಿಯವರು ಕಟ್ಟುನಿಟ್ಟಾಗಿ ಹೇಳಿಬಿಟ್ಟರು.