ಎಲ್ಲದಕ್ಕೂ ‘ರಿಪೀಟ್’ ಒತ್ತಬೇಡಿ: ಕೊಡಗಿನವರ ಕಂಪ್ಯೂಟರ್ ಕ್ಯಾಲೆಂಡರ್ ಬಗ್ಗೆ ಒಂದಿಷ್ಟು

ಕಂಪ್ಯೂಟರಿನ ಕ್ಯಾಲೆಂಡರಿನಲ್ಲಿ ಜನ ಅತಿ ಹೆಚ್ಚು ತಪ್ಪಾಗಿ ಬಳಸುವುದು ‘ರಿಪೀಟ್’ ಆಯ್ಕೆಯನ್ನು. ಒಂದು ಸಲ ಹಾಕಿದರೆ ಮುಗಿಯಿತು, ಜೀವಮಾನವಿಡೀ ನೆನಪಿಸುತ್ತದೆ ಅನ್ನುವ ಆಸೆ. ಕೊಡವರ ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತಕ್ಕೆ ಅದು ನಡೆಯುತ್ತದೆ. ಸಾರ್ವತ್ರಿಕವಾಗಿ ಸೆಪ್ಟೆಂಬರ್ 3 ಎಂದು ಗೊತ್ತಾಗಿಬಿಟ್ಟಿದೆ. ಆದರೆ ನಮ್ಮ ಜಿಲ್ಲೆಯ ಮುಖ್ಯ ತಾರೀಖುಗಳಲ್ಲಿ ಹೆಚ್ಚಿನವು ಹೀಗಲ್ಲ. ಕೆಲವನ್ನು ಪ್ರತಿ ವರ್ಷ ಯಾರೋ ನಿಗದಿ ಮಾಡಬೇಕು, ಇನ್ನು ಕೆಲವನ್ನು ಮಳೆ ನಿಗದಿ ಮಾಡುತ್ತದೆ. ಈ ಮೂರೂ ಬಗೆಯನ್ನು ಒಂದೇ ಗುಂಡಿಯಲ್ಲಿ ಮುಗಿಸಲು ಹೋದಾಗ ಕ್ಯಾಲೆಂಡರ್ ಸುಳ್ಳು ಹೇಳತೊಡಗುತ್ತದೆ.

ತಲಕಾವೇರಿಯ ತೀರ್ಥೋದ್ಭವವನ್ನೇ (ಕಾವೇರಿ ತೀರ್ಥ ಉಕ್ಕುವ ಮುಹೂರ್ತ) ನೋಡಿ. 2022ರಲ್ಲಿ ಅಕ್ಟೋಬರ್ 17ರ ಸಂಜೆ 7.21ಕ್ಕೆ ಮುಹೂರ್ತ. 2023ರಲ್ಲಿ ಅದು ಮಧ್ಯರಾತ್ರಿ ದಾಟಿ 18ರ 1.27ಕ್ಕೆ ಹೋಯಿತು. 2024ರಲ್ಲಿ 17ರ ಬೆಳಿಗ್ಗೆ 7.40. ಸೂರ್ಯ ತುಲಾ ರಾಶಿಗೆ ಬರುವ ಗಳಿಗೆ ಇದು. ಪಂಚಾಂಗದ ಸೌರವರ್ಷ 365 ದಿನಗಳ ಮೇಲೆ ಸುಮಾರು 6 ಗಂಟೆ ಚಿಲ್ಲರೆ ಇರುವುದರಿಂದ ವರ್ಷಕ್ಕೆ ಅಷ್ಟಷ್ಟು ಮುಂದೆ ಹೋಗುತ್ತದೆ, ಫೆಬ್ರವರಿ 29 ಬಂದ ವರ್ಷ ಒಂದು ದಿನ ಹಿಂದೆ ಸರಿಯುತ್ತದೆ. 2022ರಲ್ಲಿ ‘ಪ್ರತಿ ವರ್ಷ’ ಎಂದು ಹಾಕಿಟ್ಟವರ ಕ್ಯಾಲೆಂಡರ್ ಮರು ವರ್ಷವೂ ಸಂಜೆ 7.21 ಎಂದೇ ತೋರಿಸಿರುತ್ತದೆ, ಆರು ಗಂಟೆ ಮೊದಲೇ.

ಸುಗ್ಗಿಯ ಹಬ್ಬ ಹುತ್ತರಿಯೂ ಅಷ್ಟೆ. ಪಾಡಿ ಇಗ್ಗುತ್ತಪ್ಪ ಸನ್ನಿಧಿಯಲ್ಲಿ ನಿಗದಿಯಾದ ಮೇಲೆಯೇ ನಮಗೆ ಗೊತ್ತಾಗುವುದು. ಅದನ್ನು ಇಡೀ ದಿನದ ಒಂದು ಈವೆಂಟಾಗಿ ಹಾಕಿದರೆ ಪ್ರಯೋಜನ ಕಡಿಮೆ. ನೆರೆ (ಎಲೆಗಳ ಕಟ್ಟು) ಕಟ್ಟುವುದು, ಕದಿರು ತೆಗೆಯುವುದು, ಊಟ, ಮೂರಕ್ಕೂ ಬೇರೆ ಬೇರೆ ಹೊತ್ತು. ದೇವಸ್ಥಾನದ ಹೊತ್ತೂ ನಾಡಿನವರ ಹೊತ್ತೂ ಒಂದೇ ಅಲ್ಲ. ಮೂರು ಈವೆಂಟ್ ಮಾಡಿ, ನಿಮಗೆ ಅನ್ವಯಿಸುವ ಹೊತ್ತನ್ನು ಹಾಕಿ. ರಿಪೀಟ್ ಬೇಕೇ ಬೇಕೆಂದರೆ ನವೆಂಬರ್ 1ಕ್ಕೆ ‘ಹುತ್ತರಿ ಮುಹೂರ್ತ ಕೇಳಿ ಹಾಕಬೇಕು’ ಎಂಬ ನೆನಪೋಲೆಯನ್ನು ಪ್ರತಿ ವರ್ಷಕ್ಕೆ ಇಡಿ. ವಿಚಾರಿಸುವ ಕೆಲಸ ವರ್ಷ ವರ್ಷ ಬರುತ್ತದೆ, ತಾರೀಖು ಬರುವುದಿಲ್ಲ.

ಇನ್ನು ಕಾಫಿ ತೋಟದ ಲೆಕ್ಕ, ಅಂದರೆ ಕಾಫಿ ಹೂ ಅರಳಿಸುವ ಹೂಮಳೆಯ ಲೆಕ್ಕ. ಇಲ್ಲಿ ಮೊಬೈಲ್ ಬಿಟ್ಟು ಕಂಪ್ಯೂಟರ್ ಮುಂದೆ ಕೂರಲೇಬೇಕು, ಯಾಕೆಂದರೆ ಕ್ಯಾಲೆಂಡರಿಗೆ ‘ಹೂಮಳೆ ಬಿದ್ದ ಒಂಬತ್ತನೇ ದಿನ’ ಎಂಬ ಮಾತು ಅರ್ಥವಾಗುವುದಿಲ್ಲ. ಅದಕ್ಕೆ ಎಕ್ಸೆಲ್ ಬೇಕು. ಎ2 ಕೋಶದಲ್ಲಿ ಹೂಮಳೆ ಬಿದ್ದ ತಾರೀಖು ಹಾಕಿ. ಮುಂದಿನ ಸಾಲಿನಲ್ಲಿ =A2+9, ಹೂ ಅರಳುವ ಹೊತ್ತು. ಅದರ ಕೆಳಗೆ =A2+18, ಬ್ಯಾಕಿಂಗ್ ಮಳೆ (ಹೂವಾದ ಮೇಲೆ ಕಾಯಿ ಕಟ್ಟಲು ಬೇಕಾದ ಮಳೆ) ಬಂತೇ ಎಂದು ನೋಡಿ, ಬರದಿದ್ದರೆ ಸ್ಪ್ರಿಂಕ್ಲರ್ ಹೊರಡಿಸುವ ದಿನ. ಮಳೆ ಎಷ್ಟು ಸೆಂಟ್ (ಇಂಚಿನ ನೂರನೇ ಒಂದು ಭಾಗ) ಎಂಬುದನ್ನು ಈವೆಂಟಿನ ಹೆಸರಲ್ಲೇ ಬರೆಯಿರಿ: ‘ಹೂಮಳೆ, 1 ಇಂಚು 20 ಸೆಂಟ್, ಕೆಳಗಿನ ತೋಟ’. ಮುಂದೆ ಹುಡುಕುವಾಗ ‘ಹೂಮಳೆ’ ಎಂದು ಟೈಪ್ ಮಾಡಿದರೆ ಅಷ್ಟೂ ವರ್ಷದ ದಾಖಲೆ ಸಾಲಾಗಿ ಬಂದು ನಿಲ್ಲುತ್ತದೆ. ಸಿದ್ದಾಪುರದಲ್ಲಿ ಸುರಿದದ್ದು ಸೋಮವಾರಪೇಟೆಯಲ್ಲಿ ಹನಿಯದೇ ಇರಬಹುದು, ಹಾಗಾಗಿ ಎರಡು ಕಡೆ ತೋಟ ಇದ್ದವರು ಎರಡು ಕ್ಯಾಲೆಂಡರ್ ಮಾಡಿ ಬೇರೆ ಬಣ್ಣ ಕೊಡುವುದು ಒಳ್ಳೆಯದು.

ಎಕ್ಸೆಲ್‌ನಿಂದ ಗೂಗಲ್ ಕ್ಯಾಲೆಂಡರಿಗೆ ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಸರಳ ಪಠ್ಯದ ಫೈಲ್) ಮೂಲಕ ಸಾಗಿಸುವಾಗ ಎಡವುವುದು ಮೂರು ಕಡೆ.

ಮೊದಲನೆಯದು ತಾರೀಖಿನ ರೂಪ. ಗೂಗಲ್ ಕೇಳುವುದು ತಿಂಗಳು ಮೊದಲು, ದಿನ ಆಮೇಲೆ. ಕೈಲ್ ಮುಹೂರ್ತವನ್ನು ನಮ್ಮ ರೂಢಿಯಂತೆ 03/09 ಎಂದು ಬರೆದರೆ ಅದು ಮಾರ್ಚ್ 9ಕ್ಕೆ ಹೋಗಿ ಕೂರುತ್ತದೆ, ಎಲ್ಲೂ ದೂರು ಹೇಳದೆ. 17/10 ಎಂದು ಬರೆದದ್ದಾದರೂ ವಾಸಿ, ಹದಿನೇಳನೇ ತಿಂಗಳೇ ಇಲ್ಲದ ಕಾರಣ ತಪ್ಪು ಕಣ್ಣಿಗೆ ಬೀಳುತ್ತದೆ. ಎಕ್ಸೆಲ್ ಸಿಎಸ್‌ವಿಗೆ ಬರೆಯುವುದು ಪರದೆಯ ಮೇಲೆ ಕಾಣುವ ರೂಪವನ್ನೇ. ಆದ್ದರಿಂದ ಸೇವ್ ಮಾಡುವ ಮೊದಲು ಆ ಕಾಲಮ್ಮಿನ ಫಾರ್ಮ್ಯಾಟ್ ಬದಲಿಸಿ.

ಎರಡನೆಯದು ಕನ್ನಡ ಅಕ್ಷರ. ಸೇವ್ ಆಸ್‌ನಲ್ಲಿ ಬರೀ ಸಿಎಸ್‌ವಿ ಅಲ್ಲ, ‘ಸಿಎಸ್‌ವಿ ಯುಟಿಎಫ್-8’ ಎಂದಿರುವುದನ್ನೇ ಆರಿಸಿ, ಇಲ್ಲದಿದ್ದರೆ ಹೂಮಳೆಯ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಹಳೆಯ ನುಡಿ, ಬರಹ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಮೊದಲು ಯುನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು. ಕಾಲಮ್ಮಿನ ತಲೆಬರಹಗಳು ಮಾತ್ರ ಇಂಗ್ಲಿಷಿನಲ್ಲೇ ಇರಬೇಕು. ಸಬ್ಜೆಕ್ಟ್ ಮತ್ತು ಸ್ಟಾರ್ಟ್ ಡೇಟ್ ಇವೆರಡು ಕಡ್ಡಾಯ, ಉಳಿದದ್ದು ನಿಮ್ಮಿಷ್ಟ.

ಮೂರನೆಯದು, ಅದೇ ಫೈಲನ್ನು ಎರಡು ಸಲ ಹಾಕುವುದು. ಎಲ್ಲವೂ ಜೋಡಿ ಜೋಡಿಯಾಗುತ್ತದೆ, ಒಂದೊಂದಾಗಿ ಅಳಿಸುತ್ತಾ ಕೂರಬೇಕು. ಎಡಗಡೆ ‘ಅದರ್ ಕ್ಯಾಲೆಂಡರ್ಸ್’ ಪಕ್ಕದ ಪ್ಲಸ್ ಒತ್ತಿ ಹೊಸ ಖಾಲಿ ಕ್ಯಾಲೆಂಡರ್ ಮಾಡಿ, ಸೆಟ್ಟಿಂಗ್ಸ್‌ನ ‘ಇಂಪೋರ್ಟ್ ಅಂಡ್ ಎಕ್ಸ್‌ಪೋರ್ಟ್’ನಲ್ಲಿ ಅದನ್ನೇ ಆರಿಸಿ ಹಾಕಿದರೆ, ಕೆಟ್ಟರೂ ಆ ಕ್ಯಾಲೆಂಡರನ್ನೇ ಅಳಿಸಿ ಮತ್ತೆ ಶುರು ಮಾಡಬಹುದು. ಈ ಇಂಪೋರ್ಟ್ ಸೌಲಭ್ಯ ಮೊಬೈಲ್ ಆ್ಯಪ್‌ನಲ್ಲಿ ಇಲ್ಲ.

ಒಳ್ಳೆಮೆಣಸಿಗೆ ಬೋರ್ಡೋ (ಶಿಲೀಂಧ್ರ ರೋಗ ತಡೆಯುವ ದ್ರಾವಣ) ಹೊಡೆಯುವ ದಿನದ ಈವೆಂಟಿನಲ್ಲಿ ಡಿಸ್ಕ್ರಿಪ್ಷನ್ ಖಾಲಿ ಬಿಡಬೇಡಿ. 100 ಲೀಟರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, ಎಷ್ಟು ಬ್ಯಾರೆಲ್, ಯಾವ ಬ್ಲಾಕ್ ಎಂದು ಬರೆಯಿರಿ. ದ್ರಾವಣವನ್ನು ಅವತ್ತೇ ಕಲಸಿ ಅವತ್ತೇ ಹೊಡೆಯಬೇಕಾದ್ದರಿಂದ ಸಾಮಾನು ತರುವ ನೆನಪೋಲೆ ಹಿಂದಿನ ದಿನವೇ ಬರಬೇಕು. ಇಡೀ ದಿನದ ಈವೆಂಟಿಗೂ ಹೊತ್ತು ಇರುವ ಈವೆಂಟಿಗೂ ನೋಟಿಫಿಕೇಶನ್ ಸೆಟ್ಟಿಂಗ್ ಬೇರೆ ಬೇರೆ. ಒಂದನ್ನು ಸರಿಮಾಡಿ ಇನ್ನೊಂದನ್ನು ಮರೆಯುವವರೇ ಹೆಚ್ಚು.

ವಾರದ ಬಟವಾಡೆ, ಶುಕ್ರವಾರದ ಮಡಿಕೇರಿ ಸಂತೆ, ಇಂಥವಕ್ಕೆ ರಿಪೀಟ್ ಧಾರಾಳವಾಗಿ ಬಳಸಿ. ಬದಲಿಸುವಾಗ ಮಾತ್ರ ಎಚ್ಚರ. ಬಟವಾಡೆ ಶನಿವಾರದಿಂದ ಶುಕ್ರವಾರಕ್ಕೆ ಬಂದರೆ ‘ದಿಸ್ ಅಂಡ್ ಫಾಲೋಯಿಂಗ್’ ಆರಿಸಬೇಕು. ‘ಆಲ್ ಈವೆಂಟ್ಸ್’ ಎಂದರೆ ಹಳೆಯ ವಾರಗಳೂ ಶುಕ್ರವಾರಕ್ಕೆ ಸರಿದು, ಲೆಕ್ಕದ ಪುಸ್ತಕಕ್ಕೂ ಕ್ಯಾಲೆಂಡರಿಗೂ ತಾಳೆಯಾಗುವುದಿಲ್ಲ. ತಿಂಗಳ 31ನೇ ತಾರೀಖಿಗೆ ರಿಪೀಟ್ ಹಾಕಿದರೆ 30 ದಿನದ ತಿಂಗಳುಗಳನ್ನು ಅದು ಹಾರಿಸಿಬಿಡುತ್ತದೆ. ಸಾಲದ ಕಂತಿಗೆ 28 ಎಂದಿಟ್ಟುಕೊಳ್ಳುವುದೇ ಕ್ಷೇಮ.

ಹೋಂಸ್ಟೇಯವರಿಗೆ ಬೇರೆಯದೇ ತಲೆನೋವು. ಶುಕ್ರವಾರ ಬಂದು ಭಾನುವಾರ ಹೊರಡುವ ಅತಿಥಿಯನ್ನು ಕೈಯಲ್ಲಿ ಹಾಕುವಾಗ ಇಡೀ ದಿನದ ಈವೆಂಟಾಗಿ ಶುಕ್ರವಾರದಿಂದ ಶನಿವಾರದವರೆಗೆ ಎಂದೇ ಕೊಡಬೇಕು. ಭಾನುವಾರ ಎಂದು ಕೊಟ್ಟರೆ ಆ ರಾತ್ರಿಯ ರೂಮೂ ಹೋಯಿತು. ಆದರೆ ಬುಕಿಂಗ್ ಸೈಟಿನಿಂದ ಬರುವ ಐಸಿಎಸ್ (ಕ್ಯಾಲೆಂಡರ್ ಸಾಗಿಸುವ ಮಾದರಿಯ) ಫೈಲನ್ನು ತೆರೆದು ನೋಡಿದರೆ ಕೊನೆಯ ತಾರೀಖು ಭಾನುವಾರವೇ ಇರುತ್ತದೆ. ಆ ಮಾದರಿಯಲ್ಲಿ ಕೊನೆಯ ದಿನ ಲೆಕ್ಕಕ್ಕೆ ಸೇರುವುದಿಲ್ಲ, ಅದು ತಪ್ಪಲ್ಲ, ತಿದ್ದಲು ಹೋಗಬೇಡಿ. ಲಿಂಕ್ ಕೊಟ್ಟು ಎರಡು ಸೈಟುಗಳನ್ನು ಜೋಡಿಸಿದ ಮಾತ್ರಕ್ಕೆ ನಿಶ್ಚಿಂತೆಯೂ ಇಲ್ಲ. ಲಿಂಕನ್ನು ಅವರು ಆಗಾಗ ಬಂದು ಓದಿಕೊಂಡು ಹೋಗುತ್ತಾರೆ ಅಷ್ಟೆ, ನಡುವೆ ಗಂಟೆಗಟ್ಟಲೆ ಅಂತರ ಇರಬಹುದು. ಮಡಿಕೇರಿ ದಸರಾದ ಮಂಟಪ ಹೊರಡುವ ರಾತ್ರಿಯಂಥ ದಿನಕ್ಕೆ ಒಂದು ಕಡೆ ಬುಕ್ ಆದ ಕೂಡಲೇ ಇನ್ನೊಂದು ಕಡೆ ಕೈಯಾರೆ ಬ್ಲಾಕ್ ಮಾಡುವುದೊಂದೇ ದಾರಿ. ‘ಸೀಕ್ರೆಟ್ ಅಡ್ರೆಸ್’ ಲಿಂಕ್ ಸಿಕ್ಕವರಿಗೆ ಆ ಕ್ಯಾಲೆಂಡರಿನ ಪ್ರತಿ ವಿವರವೂ ಕಾಣುತ್ತದೆ. ರೂಮಿಗೆಂದೇ ಪ್ರತ್ಯೇಕ ಕ್ಯಾಲೆಂಡರ್ ಇರಲಿ.

ಮಳೆಗಾಲದ ಕರೆಂಟು, ನೆಟ್‌ವರ್ಕಿನ ಕಥೆ ಎಲ್ಲರಿಗೂ ಗೊತ್ತು. ಬ್ರೌಸರಿನ ಗೂಗಲ್ ಕ್ಯಾಲೆಂಡರಿಗೆ ಆಫ್‌ಲೈನ್ ಆಯ್ಕೆ ಇದೆ, ಆದರೆ ನೋಡಲು ಮಾತ್ರ, ಹೊಸದು ಸೇರಿಸಲು ಆಗುವುದಿಲ್ಲ. ವಿಂಡೋಸ್ ಜೊತೆ ಬರುತ್ತಿದ್ದ ಹಳೆಯ ಮೇಲ್, ಕ್ಯಾಲೆಂಡರ್ ಆ್ಯಪ್‌ಗಳಿಗೆ 2024ರ ಡಿಸೆಂಬರ್ 31ಕ್ಕೆ ಬೆಂಬಲ ನಿಂತಿದೆ. ನನ್ನ ಆಯ್ಕೆ ಥಂಡರ್‌ಬರ್ಡ್: ಉಚಿತ, ‘ಆನ್ ಮೈ ಕಂಪ್ಯೂಟರ್’ ಎಂದು ಕ್ಯಾಲೆಂಡರ್ ಮಾಡಿದರೆ ನೆಟ್ ಇಲ್ಲದೆಯೂ ಬರೆಯಬಹುದು, ತಿದ್ದಬಹುದು. ಅದರ ಕೊರತೆ ಏನೆಂದರೆ ಪ್ರೋಗ್ರಾಂ ತೆರೆದಿದ್ದರೆ ಮಾತ್ರ ನೆನಪೋಲೆ ಬರುತ್ತದೆ. ಕಂಪ್ಯೂಟರ್ ಆಫ್ ಆಗಿದ್ದರೆ ಏನೂ ಬಡಿದುಕೊಳ್ಳುವುದಿಲ್ಲ. ಆದ್ದರಿಂದ ಜೋಡಿಸುವುದು ಕಂಪ್ಯೂಟರಿನಲ್ಲಿ, ಎಚ್ಚರಿಸುವುದು ಮೊಬೈಲಿನಲ್ಲಿ ಎಂದು ಕೆಲಸ ಹಂಚಿ.

ತಿಂಗಳಿಗೊಮ್ಮೆ ಎಕ್ಸ್‌ಪೋರ್ಟ್ ಮಾಡಿ ಪೆನ್‌ಡ್ರೈವಿನಲ್ಲಿ ಇಡಿ. ಗೂಗಲ್ ಒಂದು ಝಿಪ್ ಕೊಡುತ್ತದೆ, ಬಿಡಿಸಿದರೆ ಒಂದೊಂದು ಕ್ಯಾಲೆಂಡರಿಗೆ ಒಂದೊಂದು ಐಸಿಎಸ್ ಫೈಲ್. ನೋಟ್‌ಪ್ಯಾಡಿನಲ್ಲಿ ತೆರೆದಾಗ ಹೊತ್ತು ತಪ್ಪಿದಂತೆ ಕಂಡರೆ ಗಾಬರಿ ಬೇಡ. 2023ರ ತೀರ್ಥೋದ್ಭವ ಅದರೊಳಗೆ 17ನೇ ತಾರೀಖು 19.57 ಎಂದಿದ್ದು, ಕೊನೆಯಲ್ಲಿ ಇಂಗ್ಲಿಷಿನ ಝಡ್ ಅಕ್ಷರ ಇರುತ್ತದೆ. ಅದು ಗ್ರೀನಿಚ್ ಹೊತ್ತು, ಐದೂವರೆ ಗಂಟೆ ಕೂಡಿಸಿದರೆ 18ರ 1.27. ಫೈಲಲ್ಲಿ ಸರಿ ಇದ್ದು ಪರದೆಯ ಮೇಲೆ ತಪ್ಪು ಹೊತ್ತು ಕಂಡರೆ ವಿಂಡೋಸಿನ ಟೈಮ್ ಝೋನ್ ನೋಡಿ. ಹೊಸದಾಗಿ ಓಎಸ್ ಹಾಕಿಸಿದ ಕಂಪ್ಯೂಟರುಗಳಲ್ಲಿ ಅದು ಅಮೆರಿಕದ ಹೊತ್ತಿನಲ್ಲೇ ಉಳಿದಿರುವುದುಂಟು.