ನೀವೂ ನಿರ್ಮಾಪಕರಾಗಿ, ಲೆಕ್ಕ ಮಾತ್ರ ಕೇಳಬೇಡಿ

ಬೆಳಗ್ಗಿನಿಂದ ಒಂದೇ ಪೋಸ್ಟರು ಎಲ್ಲ ವಾಟ್ಸ್‌ಆ್ಯಪ್ ಗ್ರೂಪುಗಳಿಗೂ ಬಂದು ಬೀಳ್ತಾ ಉಂಟು. ಕಾಸರಗೋಡಿನ ಹುಡುಗರ ಮೊದಲ ಸಿನಿಮಾ. ಮೇಲೆ ನಮ್ಮ ಕವಿಗಳಾದ ಗೋವಿಂದ ಪೈ, ಕಯ್ಯಾರರ ಫೋಟೋ. ನಡುವೆ "ಗಡಿನಾಡ ಕನ್ನಡ ಉಳಿಸಲು 500 ರೂಪಾಯಿ ಕೊಡಿ, ನೀವೂ ನಿರ್ಮಾಪಕರಾಗಿ, ಲಾಭದಲ್ಲಿ ಪಾಲು ಪಡೆಯಿರಿ". ಕೆಳಗೆ ಯಾರದೋ ಸ್ವಂತ ಖಾತೆಯ ಕ್ಯೂಆರ್ ಕೋಡು. ಒಟ್ಟು ಎಷ್ಟು ಬೇಕು, ಯಾವುದಕ್ಕೆ ಎಷ್ಟು? ಅದು ಇಲ್ಲ. ಫೋಟೋಗಳೇ ಅಷ್ಟು ದೊಡ್ಡದಿರುವಾಗ ಜಾಗ ಎಲ್ಲಿಂದ!

ಗಡಿನಾಡು ಅಂದ್ರೆ ಬಜೆಟ್ಟಿನ ಬದಲಿಗೆ ಅಂಟಿಸುವ ಸ್ಟಿಕ್ಕರಾ ಮಾರಾಯ್ರೆ?

ಆ "ಪಾಲು" ನೋಡುವ. ಕಂಪನಿ ಮಾಡಿ ಷೇರು ಕೊಡುವ ಅಂದರೆ, ಪ್ರೈವೇಟ್ ಲಿಮಿಟೆಡ್ ಕಂಪನಿ ಷೇರಿಗಾಗಿ ಒಂದು ಹಣಕಾಸು ವರ್ಷದಲ್ಲಿ ಹೆಚ್ಚೆಂದರೆ 200 ಜನರನ್ನು ಕೇಳಬಹುದು, ಅದೂ ಒಬ್ಬೊಬ್ಬರ ಹೆಸರಿಗೆ ಪತ್ರ ಕೊಟ್ಟು. ಊರಿಗೆಲ್ಲ ಡಂಗುರ ಸಾರುವ ಹಾಗಿಲ್ಲ. 200 ಜನ, ತಲಾ 500 ಅಂದರೆ ಒಂದು ಲಕ್ಷ. ಕ್ಯಾಮೆರಾ ಬಾಡಿಗೆಗೂ ಸಾಲದು. 2013ರ 'ಲೂಸಿಯಾ'ಕ್ಕೆ ನೂರು ಚಿಲ್ಲರೆ ಜನ ಸೇರಿ ಕೊಟ್ಟದ್ದು 51 ಲಕ್ಷ. ತಲೆಗೆ ಸರಾಸರಿ ಅರ್ಧ ಲಕ್ಷದ ಹತ್ತಿರ. ಐನೂರು ಕೇಳುವವರು ಟಿಕೆಟ್ ಕೊಡಿ, ಟೈಟಲಿನಲ್ಲಿ ಹೆಸರು ಹಾಕಿ. ಲಾಭದ ಮಾತು ಎತ್ತಬೇಡಿ.

ಸ್ವಂತ ಖಾತೆಗೆ ಬಂದದ್ದನ್ನು ಉಡುಗೊರೆ ಅಂತ ತೋರಿಸುವ ಅಂದರೆ, ಸಂಬಂಧಿಕರಲ್ಲದವರಿಂದ ವರ್ಷಕ್ಕೆ 50,000 ದಾಟಿದರೆ ದಾಟಿದ ಭಾಗ ಮಾತ್ರ ಅಲ್ಲ, ಪೂರ್ತಿ ಮೊತ್ತ ಆದಾಯದ ಲೆಕ್ಕಕ್ಕೆ ಬರ್ತದೆ. ಜನರಿಂದ ಹಣ ಸೇರಿಸಿ ಕೊಡುವ ಆನ್‌ಲೈನ್ ವೇದಿಕೆಗೆ ಹೋದರೂ ಪುಕ್ಕಟೆ ಅಲ್ಲ. ಅವರ ಪಾಲು ಶೇ. 10 ಅಂತ ಹಿಡಿಯಿರಿ, ಅದರ ಮೇಲೆ ಶೇ. 18 ಜಿಎಸ್‌ಟಿ. 15 ಲಕ್ಷ ಒಟ್ಟಾದರೆ 1,77,000 ಅಲ್ಲೇ ಕಳೆಯಿರಿ. ಕೇಳುವ ಮೊತ್ತದಲ್ಲಿ ಇದೂ ಸೇರಿರಬೇಕಲ್ಲ?

"ಚಿತ್ರೀಕರಣಕ್ಕಾಗಿ" ಅಂತ ಬೇರೆ ಬರೆದಿದ್ದಾರೆ. ಮೊದಲ ಸಿನಿಮಾಗಳು ಹೆಚ್ಚಾಗಿ ಸಾಯುವುದು ಚಿತ್ರೀಕರಣ ಮುಗಿದ ಮೇಲೆ. 4ಕೆ ಪ್ರೊರೆಸ್ 422 ಎಚ್‌ಕ್ಯೂ ಎಂಬ ಉತ್ತಮ ಗುಣಮಟ್ಟದ ವಿಡಿಯೊ ಫಾರ್ಮ್ಯಾಟಿನಲ್ಲಿ ಸೆಕೆಂಡಿಗೆ 24 ಫ್ರೇಮಿನಂತೆ ತೆಗೆದರೆ ಗಂಟೆಗೆ ಸುಮಾರು 320 ಜಿಬಿ. ನೂರು ನಿಮಿಷದ ಸಿನಿಮಾಕ್ಕೆ ಹತ್ತು ಪಟ್ಟು ತೆಗೆದಿರೆಂದರೆ ಐದು ಟಿಬಿ ದಾಟಿತು. ಮೂರು ಪ್ರತಿ ಬೇಕು, ಒಂದು ಬೇರೆ ಮನೆಯಲ್ಲಿರಬೇಕು: ಹದಿನಾರು ಟಿಬಿ. ಇದನ್ನು ಬಜೆಟ್ಟಿಗೆ ಹಾಕದವರು ಒಂದೇ ಡಿಸ್ಕಿಗೆ ಇಳಿಸಿ ಕ್ಯಾಮೆರಾದ ಕಾರ್ಡು ಅಳಿಸ್ತಾರೆ. ಡಿಸ್ಕ್ ಕೈಕೊಟ್ಟ ದಿನ ಗಡಿನಾಡೂ ಇಲ್ಲ, ಸಿನಿಮಾವೂ ಇಲ್ಲ.

ಶಬ್ದದ್ದು ಇನ್ನೊಂದು ಕತೆ. ಜೂನಿನಲ್ಲಿ ಬದಿಯಡ್ಕದ ಕಡೆ ತಗಡಿನ ಮಾಡಿನ ಕೆಳಗೆ ಸಿಂಕ್ ಸೌಂಡ್, ಅಂದರೆ ಶೂಟಿಂಗಿನಲ್ಲೇ ಮಾತು, ಹಿಡಿಯಲಿಕ್ಕೆ ಹೊರಟರೆ ಮೈಕಿಗೆ ಸಿಗುವುದು ಮಳೆ ಮಾತ್ರ. ಮತ್ತೆ ಎಲ್ಲರನ್ನೂ ಕರೆದು ಡಬ್ಬಿಂಗ್. ಅದರ ಮೇಲೆ ಮಿಕ್ಸಿಂಗ್, ಕಲರ್, ಸಬ್‌ಟೈಟಲ್, ಥಿಯೇಟರಿಗೆ ಕೊಡುವ ಡಿಸಿಪಿ ಫೈಲು, ಸೆನ್ಸಾರ್. ನನ್ನ ಪ್ರಕಾರ ಒಟ್ಟು ಹಣದ ಮೂರನೇ ಒಂದು ಭಾಗ ಇದಕ್ಕೆಂದೇ ತೆಗೆದಿಟ್ಟು ಮುಟ್ಟಬಾರದು.

"ಮಕ್ಕಳು ಏನೋ ಮಾಡ್ತಿದ್ದಾರೆ, ಪ್ರೋತ್ಸಾಹ ಕೊಡಿ. 1986ರ ಮಲಯಾಳಂ ಸಿನಿಮಾ 'ಅಮ್ಮ ಅರಿಯಾನ್'ಗೆ ಒಡೆಸ್ಸಾ ಬಳಗದವರು ಊರೂರು ಸುತ್ತಿ ಚಿಲ್ಲರೆ ಸೇರಿಸಲಿಲ್ಲವಾ?" ಅಂತ ಈಗ ಯಾರಾದರೂ ಬರ್ತೀರಿ, ಗೊತ್ತುಂಟು. ಸೇರಿಸಿದರು. ಅದರ ನಿರ್ದೇಶಕ ಜಾನ್ ಅಬ್ರಹಾಂ ಯಾರಿಗಾದರೂ ಲಾಭದ ಪಾಲು ಕೊಡ್ತೇನೆ ಅಂದಿದ್ದರಾ? ಜನರ ದುಡ್ಡಿನಲ್ಲಿ ಮಾಡಿದ್ದನ್ನು ಜನರ ಊರಿಗೇ ಒಯ್ದು ತೋರಿಸಿದರು. ನಿಮ್ಮ ಪೋಸ್ಟರಿನಲ್ಲಿ ಕುಂಬಳೆಯಲ್ಲೋ ಪೆರ್ಲದಲ್ಲೋ ಒಂದು ಪ್ರದರ್ಶನದ ಮಾತಾದರೂ ಉಂಟಾ? 15 ಲಕ್ಷ ಬೇಕು ಅಂತಿಟ್ಟುಕೊಳ್ಳುವ, 3 ಲಕ್ಷ ಮಾತ್ರ ಬಂದರೆ ವಾಪಸ್ ಕೊಡ್ತೀರಾ, ಇದ್ದುದರಲ್ಲೇ ಕಿರುಚಿತ್ರ ಮಾಡ್ತೀರಾ? ಎರಡೂ ಸರಿಯೇ. ಹಣ ಕೇಳುವ ಮೊದಲು ಬರೆಯಿರಿ, ಅಷ್ಟೇ. ಕನ್ನಡದ ಮೇಲೆ ಪ್ರೀತಿ ಇಲ್ಲದವನು ಅಂತ ನನಗೆ ಬೈಯುವುದಿದ್ದರೆ ಬೈಯಿರಿ, ಅಭ್ಯಾಸ ಉಂಟು.

ಹಾಂ, ಟೀಸರಿನಲ್ಲಿ ಹಟ್ಟಿಯ ದನ ಕಂಡಿತು. ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ ಶೂಟಿಂಗಿಗೆ ಮೊದಲೇ ಬೇಕು, ಮುಗಿದ ಮೇಲೆ ಎನ್‌ಒಸಿ, ಅಂದರೆ ಆಕ್ಷೇಪಣೆ ಇಲ್ಲ ಎಂಬ ಪತ್ರ, ಬೇರೆ. ಅದಿಲ್ಲದೆ ಸೆನ್ಸಾರಿಗೆ ಹೋದರೆ ಆ ದೃಶ್ಯ ಕೈಬಿಟ್ಟ ಹಾಗೆಯೇ. ದನದ ಸೀನು ಇನ್ನೂ ಬಾಕಿ ಇದ್ದರೆ ಈಗಲೇ ಅರ್ಜಿ ಹಾಕಿ.