ಗ್ರೇಡ್ ಪಾಸಾದರೆ ಸಾಲದು, ಜೊತೆಗೆ ನುಡಿಸಲು ಬರಬೇಕು

ಸ್ಟ್ರಿಂಗ್ ಕ್ವಾರ್ಟೆಟ್, ಅಂದರೆ ನಾಲ್ವರ ತಂತಿವಾದ್ಯ ತಂಡದಲ್ಲಿ ನುಡಿಸಿಯೇ ಬದುಕುವವರು ಕಡಿಮೆ, ಹೆಚ್ಚಿನವರಿಗೆ ಪಾಠ ಹೇಳುವುದೇ ಆಧಾರ ಎಂದು ಈ ಸಂಗೀತಗಾರರ ಬದುಕಿನ ಕುರಿತ ಲೇಖನವೊಂದರಲ್ಲಿ ಲೇಖಕರು ಬರೆದಿದ್ದಾರೆ. ನಿಜ. ಆದರೆ ತರಬೇತಿಯ ಬಗ್ಗೆ ಇನ್ನಷ್ಟು ಹೇಳಬೇಕಿತ್ತು. ಕ್ವಾರ್ಟೆಟ್‌ನಲ್ಲಿ ಎರಡು ವಯೊಲಿನ್, ಅದಕ್ಕಿಂತ ತುಸು ದೊಡ್ಡದಾದ ಒಂದು ವಿಯೋಲಾ, ಇನ್ನೂ ದೊಡ್ಡದಾದ ಒಂದು ಚೆಲ್ಲೊ; ಕೈಯಾಡಿಸಿ ಲಯ ತೋರಿಸುವ ಕಂಡಕ್ಟರ್ ಇಲ್ಲ. ಮೊದಲ ವಯೊಲಿನ್‌ನವರು ಉಸಿರೆಳೆದು ಕಮಾನು ಎತ್ತುವ ರೀತಿಯಲ್ಲೇ ಉಳಿದ ಮೂವರಿಗೆ ಲಯ ಗೊತ್ತಾಗಬೇಕು. ಈ ಹೊಂದಾಣಿಕೆ ಎಷ್ಟು ಮುಖ್ಯ ಎಂಬುದಕ್ಕೆ ಒಂದು ಉದಾಹರಣೆ: ಅಮಾಡಿಯಸ್ ಕ್ವಾರ್ಟೆಟ್ ಎಂಬ ತಂಡದಲ್ಲಿ 1947ರಿಂದ 1987ರವರೆಗೆ ಅದೇ ನಾಲ್ವರು. ವಿಯೋಲಾದ ಪೀಟರ್ ಶಿಡ್ಲೋಫ್ ತೀರಿಕೊಂಡಾಗ ಇನ್ನೊಬ್ಬರನ್ನು ತರದೆ ತಂಡವನ್ನೇ ನಿಲ್ಲಿಸಿಬಿಟ್ಟರು!

ನಮ್ಮ ಮಂಗಳೂರಿನಲ್ಲಿ ಮಕ್ಕಳು ಪಾಶ್ಚಾತ್ಯ ಸಂಗೀತದ ಹಂತ ಹಂತದ ಗ್ರೇಡ್ ಪರೀಕ್ಷೆಗೆ ಒಬ್ಬೊಬ್ಬರೇ ತಯಾರಾಗುತ್ತಾರೆ. ನನ್ನ ಮಗಳು ಐದನೇ ಗ್ರೇಡ್ ಮುಗಿಸಿದ್ದಾಳೆ, ಚೆನ್ನಾಗಿಯೇ ನುಡಿಸುತ್ತಾಳೆ. ಆದರೆ ಪಕ್ಕದವರು ತುಸು ನಿಧಾನಿಸಿದರೆ ಅವಳ ಕಿವಿಗೆ ಬೀಳುವುದೇ ಇಲ್ಲ. ಉಡುಪಿಯ ರಾಜಾಂಗಣ ಸಭಾಂಗಣದಲ್ಲಿ ಕರ್ನಾಟಕ ಸಂಗೀತ ಕಛೇರಿ ಕೇಳಿದವರಿಗೆ ಗೊತ್ತು, ಗಾಯಕರ ಸಂಗತಿ (ಒಂದೇ ಸಾಲನ್ನು ಬೇರೆ ಬಗೆಯಲ್ಲಿ ಹಾಡುವುದು) ಮುಗಿಯುವಷ್ಟರಲ್ಲಿ ಪಕ್ಕವಾದ್ಯದವರ ಬೆರಳು ಅಲ್ಲಿಗೆ ತಲುಪಿರುತ್ತದೆ. ಆ ಕಿವಿಯ ಅಭ್ಯಾಸ ನಮ್ಮ ಜಿಲ್ಲೆಗಳಲ್ಲೇ ಇದೆ.

ಪಾಶ್ಚಾತ್ಯ ಸಂಗೀತ ಕಲಿಸುವ ಟೀಚರ್‌ಗಳಲ್ಲಿ ನನ್ನ ವಿನಂತಿ: ವಾರಕ್ಕೊಮ್ಮೆಯಾದರೂ ನಾಲ್ಕು ಮಕ್ಕಳನ್ನು ಒಟ್ಟಿಗೆ ಕೂರಿಸಿ, ಸಂಯೋಜಕ ಹೈಡನ್‌ನ ಒಂದು ಸಣ್ಣ ಮಿನ್ಯುಎಟ್ (ನೃತ್ಯಲಯದ ತುಣುಕು) ನುಡಿಸಲು ಕೊಡಿ. ವಿಯೋಲಾ ಸಿಗದಿದ್ದರೆ ಆ ಭಾಗವನ್ನು ಮೂರನೇ ವಯೊಲಿನ್‌ಗೆ ಬರೆದುಕೊಟ್ಟರಾಯಿತು.